ಹಳೆಯ ಟೆನಿಸ್ ಆಟಗಾರ್ತಿಯ ದಾಖಲೆ ಓದುವುದು ಹೇಗೆ: ಕಿಟ್ಟಿ ಮೆಕೇನ್ ಪುಟ

ಮೊದಲು ಹೆಸರು ನೋಡಿ. 1924ರಲ್ಲಿ ವಿಂಬಲ್ಡನ್ ಸಿಂಗಲ್ಸ್ ಗೆದ್ದವರು ಬ್ರಿಟನ್ನಿನ ಮಿಸ್ ಮೆಕೇನ್. 1926ರಲ್ಲಿ ಗೆದ್ದವರು ಮಿಸೆಸ್ ಗಾಡ್‌ಫ್ರೀ. ನನ್ನ ನೋಟ್‌ಬುಕ್ಕಿನಲ್ಲಿ ಇಬ್ಬರಿಗೂ ಬೇರೆ ಬೇರೆ ಪುಟ ಮಾಡಿದ್ದೆ. ಆಮೇಲೆ ಗೊತ್ತಾಯಿತು, ಇಬ್ಬರೂ ಒಬ್ಬರೇ! 1926ರ ಶುರುವಿನಲ್ಲಿ ಅವರು ಆಟಗಾರ ಲೆಸ್ಲಿ ಗಾಡ್‌ಫ್ರೀ ಅವರನ್ನು ಮದುವೆಯಾಗಿದ್ದರು. ಹಾಗಾಗಿ ಪುಟದ ತಲೆಯಲ್ಲೇ ಎರಡೂ ಹೆಸರು, ಮದುವೆಯ ವರ್ಷ ಬರೆದುಕೊಳ್ಳಿ.

ಸಿಂಗಲ್ಸ್, ಡಬಲ್ಸ್, ಮಿಕ್ಸೆಡ್ ಮೂರಕ್ಕೂ ಸಾಲು ಎಳೆಯಿರಿ. ಆಗ ದೊಡ್ಡ ಆಟಗಾರ್ತಿಯರು ಒಂದೇ ಟೂರ್ನಿಯಲ್ಲಿ ಮೂರನ್ನೂ ಆಡುತ್ತಿದ್ದರು. ವಿಂಬಲ್ಡನ್ ಮತ್ತು ಅಮೆರಿಕ ಸೇರಿ ಕಿಟ್ಟಿ ಗೆದ್ದ ಪ್ರಶಸ್ತಿ 7. ಅದರಲ್ಲಿ ಸಿಂಗಲ್ಸ್ ಬರೀ 2. ಸಿಂಗಲ್ಸ್ ಮಾತ್ರ ನೋಡಿದರೆ ಉಳಿದ 5 ಕಾಣುವುದೇ ಇಲ್ಲ. 1926ರಲ್ಲಿ ಗಂಡನ ಜೊತೆ ಗೆದ್ದ ವಿಂಬಲ್ಡನ್ ಮಿಕ್ಸೆಡ್ ಡಬಲ್ಸ್ ಕೂಡ ಹೋಗಿಬಿಡುತ್ತದೆ. ಗಂಡ ಹೆಂಡತಿ ಸೇರಿ ಅದನ್ನು ಗೆದ್ದದ್ದು ಅವರಿಬ್ಬರೇ.

ಒಲಿಂಪಿಕ್ಸಿಗೂ ಜಾಗ ಬಿಡಿ. 1924ರವರೆಗೆ ಅಲ್ಲಿ ಟೆನಿಸ್ ಇತ್ತು. 1920ರ ಆಂಟ್ವರ್ಪ್‌ನಲ್ಲಿ ಅವರಿಗೆ ಒಂದು ಚಿನ್ನ, ಒಂದು ಬೆಳ್ಳಿ, ಒಂದು ಕಂಚು. 1924ರ ಪ್ಯಾರಿಸ್‌ನಲ್ಲಿ ಒಂದು ಬೆಳ್ಳಿ, ಒಂದು ಕಂಚು. ಬ್ಯಾಡ್ಮಿಂಟನ್‌ಗೆ ಬೇರೆ ಹಾಳೆಯೇ ಬೇಕು: ಆಲ್ ಇಂಗ್ಲೆಂಡ್ ಸಿಂಗಲ್ಸ್ 4 ಸಲ!

ಆಸ್ಟ್ರೇಲಿಯಾ ಚಾಂಪಿಯನ್‌ಶಿಪ್‌ನ ಸಾಲು ಖಾಲಿ ಇದ್ದರೆ ಅದನ್ನು ಸೋಲಿನ ಲೆಕ್ಕಕ್ಕೆ ಹಾಕಬೇಡಿ. ಹಡಗಿನಲ್ಲಿ ವಾರಗಟ್ಟಲೆ ಹೋಗಬೇಕಿತ್ತು, ಬಹುಮಾನದ ಹಣವೂ ಇರಲಿಲ್ಲ. ಫ್ರೆಂಚ್ ಚಾಂಪಿಯನ್‌ಶಿಪ್ ಹೊರದೇಶದವರಿಗೆ ತೆರೆದದ್ದೇ 1925ರಲ್ಲಿ. ಆ ವರ್ಷವೇ ಕಿಟ್ಟಿ ಅಲ್ಲಿ ಫೈನಲ್ ಆಡಿದರು.

ಇನ್ನು ಜಾಸ್ತಿ ಹೊತ್ತು ಕೊಡಬೇಕಾದ ಕೆಲಸ. ಯಾರು ಗೆದ್ದರು ಅಂತ ನೋಡಿ ಪುಟ ಮುಚ್ಚಬೇಡಿ. ಯಾರ ಎದುರು, ಸೆಟ್ ಹೇಗೆ ಹೋಯಿತು, ಯಾರು ಬಂದಿರಲಿಲ್ಲ, ಇದನ್ನೂ ಬರೆಯಿರಿ. 1924ರ ವಿಂಬಲ್ಡನ್ ಸೆಮಿಫೈನಲ್ ಎದುರು ‘ವಾಕೋವರ್’ ಅಂತ ಇದೆ, ಅಂದರೆ ಆಡದೆಯೇ ಸಿಕ್ಕ ಗೆಲುವು. ಎದುರಾಳಿ, ಫ್ರಾನ್ಸಿನ ದೊಡ್ಡ ಆಟಗಾರ್ತಿ ಸುಝಾನ್ ಲೆಂಗ್ಲೆನ್ ಹಿಂದೆ ಸರಿದಿದ್ದರು. 1926ರಲ್ಲೂ ಲೆಂಗ್ಲೆನ್ ನಡುವೆಯೇ ಬಿಟ್ಟರು, ಅಮೆರಿಕದ ಆಟಗಾರ್ತಿ ಹೆಲೆನ್ ವಿಲ್ಸ್‌ಗೆ ಅಪೆಂಡಿಕ್ಸ್ ಆಪರೇಷನ್ ಆಗಿತ್ತು. ಇಷ್ಟನ್ನೇ ನೋಡಿದವರು ‘ಅದೃಷ್ಟ’ ಅಂತ ಹೇಳಿ ಮುಗಿಸುತ್ತಾರೆ. ಅದು ಅನ್ಯಾಯ.

1924ರ ಫೈನಲ್ ತೆಗೆಯಿರಿ. ಎದುರು ಹೆಲೆನ್ ವಿಲ್ಸ್. ಮೊದಲ ಸೆಟ್ ಕಿಟ್ಟಿ 4-6 ಸೋತರು. ಎರಡನೆಯದರಲ್ಲಿ 1-4 ಹಿಂದೆ. ಇನ್ನೊಂದು ಗೇಮ್ ಹೋಗಿದ್ದರೆ 1-5. ಅಲ್ಲಿಂದ 6-4, 6-4! ವಿಲ್ಸ್ ಆಮೇಲೆ ವಿಂಬಲ್ಡನ್ ಸಿಂಗಲ್ಸ್ 8 ಸಲ ಗೆದ್ದರು, ಒಂದೂ ಪಂದ್ಯ ಸೋಲಲಿಲ್ಲ. ಅಲ್ಲಿ ಅವರನ್ನು ಸಿಂಗಲ್ಸಿನಲ್ಲಿ ಸೋಲಿಸಿದವರು ಕಿಟ್ಟಿ ಒಬ್ಬರೇ. ಅಂಕಿ ನೋಡಿಯೇ ಮೈ ಜುಮ್ಮೆನ್ನುತ್ತದೆ, ಅಲ್ವಾ?

ಕೆಟ್ಟ ದಿನಗಳನ್ನೂ ಬಿಡಬೇಡಿ. 1925ರ ವಿಂಬಲ್ಡನ್ ಸೆಮಿಫೈನಲ್‌ನಲ್ಲಿ ಲೆಂಗ್ಲೆನ್ ಎದುರು 0-6, 0-6. ಅದನ್ನು ಹಾಗೇ ಬರೆಯಿರಿ. ಕೆಳಗಿನ ಸಾಲಿನಲ್ಲಿ 1926ರ ಫೈನಲ್: ಲಿಲಿ ದೆ ಆಲ್ವಾರೆಝ್ ಎದುರು 6-2, 4-6, 6-3.