ಡಿಸೆಂಬರ್‌ನ ಸಿಟಿ ಕೌನ್ಸಿಲ್ ಸಭೆ: ಶಾಲು ಹೊದಿಸಲು ಹೋಗುವ ಮುನ್ನ ಅಜೆಂಡಾ ಓದಿ

ಕ್ಯಾಲಿಫೋರ್ನಿಯಾದ ಕೂಪರ್ಟಿನೋ, ಫ್ರೀಮಾಂಟ್, ಸನ್ನಿವೇಲ್ ಕಡೆಯ ನಮ್ಮ ಕನ್ನಡಿಗರು ಸಿಟಿ ಹಾಲ್ ಮೆಟ್ಟಿಲು ಹತ್ತುವುದು ಹೆಚ್ಚಾಗಿ ಡಿಸೆಂಬರ್‌ನಲ್ಲೇ. ಪರಿಚಯದ ಕೌನ್ಸಿಲ್ ಸದಸ್ಯರೊಬ್ಬರ ಅವಧಿ ಮುಗಿದಿರುತ್ತದೆ. ಬೀಳ್ಕೊಡುಗೆಗೆ ಹೋಗಿ ಶಾಲು ಹೊದಿಸಿ ಬರೋಣ ಎಂದು ನಾಲ್ಕು ಮನೆಯವರು ಹೊರಡುತ್ತಾರೆ. ಹೇಗೂ ಹೋಗುತ್ತಿದ್ದೇವಲ್ಲ, ಹಿತ್ತಿಲ ಮರ ಕಡಿಯಲು ಪರ್ಮಿಟ್ ಬೇಕೆನ್ನುವ ಹೊಸ ನಿಯಮದ ಬಗ್ಗೆಯೂ ಒಂದು ಮಾತು ಹೇಳಿಬಿಡೋಣ ಎಂದುಕೊಳ್ಳುತ್ತಾರೆ. ಮೈಕ್ ಹಿಡಿಯುವ ಹೊತ್ತಿಗೆ ಆ ನಿಯಮ ಪಾಸಾಗಿರುತ್ತದೆ. ಕಣ್ಣೆದುರೇ ಆದದ್ದು, ಆದರೂ ಆದದ್ದು ಗೊತ್ತಾಗಿರುವುದಿಲ್ಲ.

ಸಿಟಿ, ಕೌಂಟಿ, ಶಾಲಾ ಡಿಸ್ಟ್ರಿಕ್ಟ್ ಬೇರೆ ಬೇರೆ ಎಂಬುದು ಇಲ್ಲಿ ಒಂದು ವರ್ಷ ಇದ್ದವರಿಗೆಲ್ಲ ಗೊತ್ತು, ಅದನ್ನು ಬಿಡೋಣ. ಈ ಬರಹ ಕ್ಯಾಲಿಫೋರ್ನಿಯಾದ ನಗರಗಳ ವರ್ಷಾಂತ್ಯದ ಸಭೆಯ ಬಗ್ಗೆ, ಅದರಲ್ಲೂ ಕನ್ಸೆಂಟ್ ಕ್ಯಾಲೆಂಡರ್ ಎಂಬ ಒಂದು ಭಾಗದ ಬಗ್ಗೆ.

ಮೊದಲು ಒಂದು ಪದದ ಗೊಂದಲ ಬಿಡಿಸಬೇಕು. ಆರ್ಡಿನೆನ್ಸ್ ಎಂದ ಕೂಡಲೇ ನಮ್ಮ ತಲೆಗೆ ಬರುವುದು ಸುಗ್ರೀವಾಜ್ಞೆ: ಸದನ ನಡೆಯದಿದ್ದಾಗ ರಾಜ್ಯಪಾಲರು ಹೊರಡಿಸುವ ತುರ್ತು ಆದೇಶ. ಇಲ್ಲಿ ಆರ್ಡಿನೆನ್ಸ್ ಎಂದರೆ ನಗರದ ಮಾಮೂಲಿ ಕಾನೂನು. ಅದು ಒಂದೇ ಸಭೆಯಲ್ಲಿ ಮುಗಿಯುವುದಿಲ್ಲ, ಎರಡು ಓದು ಆಗಬೇಕು. ಮೊದಲ ಓದಿನಲ್ಲಿ ಸಿಬ್ಬಂದಿಯ ವರದಿ, ಸಾರ್ವಜನಿಕರ ಮಾತು, ಸದಸ್ಯರ ವಾದವಿವಾದ ಎಲ್ಲ ನಡೆಯುತ್ತದೆ. ಕನಿಷ್ಠ 5 ದಿನ ಬಿಟ್ಟು ಎರಡನೇ ಓದು. ಅಲ್ಲಿಂದ 30 ದಿನಕ್ಕೆ ಜಾರಿ. ನವೆಂಬರ್ 19ರಂದು ಮೊದಲ ಓದು ಆಗಿದ್ದರೆ ಡಿಸೆಂಬರ್ 3ರಂದು ಎರಡನೆಯದು, ಜನವರಿ 2ರಿಂದ ಕಾನೂನು. ನಿರ್ಣಯಗಳಿಗೆ, ಅಂದರೆ ರೆಸಲ್ಯೂಷನ್‌ಗಳಿಗೆ, ಈ ಎರಡು ಓದಿನ ನಿಯಮ ಇಲ್ಲ. ಒಂದೇ ಮತದಾನದಲ್ಲಿ ಮುಗಿಯುತ್ತವೆ. ಸಿಟಿಯ ಅನೇಕ ಶುಲ್ಕಗಳು ಏರುವುದು ನಿರ್ಣಯದ ಮೂಲಕವೇ.

ಎರಡನೇ ಓದು ಎಂದರೆ ಎರಡನೇ ಚರ್ಚೆ ಎಂದು ತಿಳಿಯುವಲ್ಲಿ ನಮ್ಮವರು ಸಿಕ್ಕಿಬೀಳುತ್ತಾರೆ. ಎರಡನೇ ಓದನ್ನು ಸಾಮಾನ್ಯವಾಗಿ ಕನ್ಸೆಂಟ್ ಕ್ಯಾಲೆಂಡರ್‌ಗೆ ಹಾಕಿರುತ್ತಾರೆ. ಹಿಂದಿನ ಸಭೆಯ ನಡಾವಳಿ, ಪಾವತಿಯ ಬಿಲ್ಲುಗಳ ಪಟ್ಟಿ, ಗುತ್ತಿಗೆಗಳು, ಮುಂದಿನ ವರ್ಷದ ಸಭೆಗಳ ದಿನಾಂಕ ಹೀಗೆ ತಕರಾರಿಲ್ಲದ ವಿಷಯಗಳ ಗಂಟು ಅದು. ಇಡೀ ಗಂಟಿಗೆ ಒಂದೇ ಮತ. ಎರಡು ನಿಮಿಷವೂ ಹಿಡಿಯುವುದಿಲ್ಲ. ವರ್ಷದ ಕೊನೆಯ ಸಭೆಯಲ್ಲಿ ಈ ಗಂಟು ದೊಡ್ಡದಾಗುತ್ತದೆ, ಏಕೆಂದರೆ ಜನವರಿಗೆ ಮುಂದೂಡಲು ಯಾರಿಗೂ ಮನಸ್ಸಿರುವುದಿಲ್ಲ.

ಇನ್ನು ತಪ್ಪು ಆಗುವ ಕ್ರಮ ನೋಡಿ. ಸಭೆಯ ಆರಂಭದಲ್ಲಿ ಓರಲ್ ಕಮ್ಯುನಿಕೇಷನ್ಸ್ ಎಂಬ ಭಾಗ ಇರುತ್ತದೆ. ಸಾರ್ವಜನಿಕರು ಮಾತಾಡಬಹುದು ಎಂದು ಮೇಯರ್ ಹೇಳುತ್ತಾರೆ. ಮರದ ನಿಯಮದ ಬಗ್ಗೆ ಬಂದವರು ಎದ್ದು ಶುರು ಮಾಡುತ್ತಾರೆ. ಮೇಯರ್ ತಡೆದು, ಅದು ಅಜೆಂಡಾದಲ್ಲಿರುವ ವಿಷಯ, ಆ ಐಟಂ ಬಂದಾಗ ಮಾತಾಡಿ ಎನ್ನುತ್ತಾರೆ. ಆ ಭಾಗ ಇರುವುದು ಅಜೆಂಡಾದಲ್ಲಿ ಇಲ್ಲದ ವಿಷಯಗಳಿಗೆ ಮಾತ್ರ. ಬಂದವರು ಹೋಗಿ ಕೂರುತ್ತಾರೆ, ತಮ್ಮ ಐಟಂ ಓದಿ ಕರೆಯುತ್ತಾರೆಂದು ಕಾಯುತ್ತಾರೆ. ಯಾರೂ ಕರೆಯುವುದಿಲ್ಲ. ಐಟಂ 3ರಿಂದ 14ರವರೆಗೆ ಕನ್ಸೆಂಟ್, ಸೂಚನೆ, ಅನುಮೋದನೆ, ಮತ, ಮುಗಿಯಿತು. ಮರದ ನಿಯಮ ಅದರಲ್ಲಿ 11ನೆಯದಾಗಿತ್ತು.

ಆಮೇಲೆ ಉಳಿಯುವ ದಾರಿ ರೆಫರೆಂಡಂ, ಅಂದರೆ ಪಾಸಾದ ಕಾನೂನನ್ನು ಜನರ ಮತಕ್ಕೆ ಹಾಕಿಸುವುದು. 30 ದಿನದೊಳಗೆ ನಗರದ ನೋಂದಾಯಿತ ಮತದಾರರಲ್ಲಿ ಶೇ. 10ರಷ್ಟು ಜನರ ಸಹಿ ತರಬೇಕು. 30,000 ಮತದಾರರಿರುವ ಊರಿನಲ್ಲಿ 3,000 ಸಹಿ, ಅದೂ ಕ್ರಿಸ್‌ಮಸ್ ರಜೆಯಲ್ಲಿ ಜನ ಊರಲ್ಲೇ ಇಲ್ಲದಾಗ. ಡಿಸೆಂಬರ್‌ನಲ್ಲಿ ಪಾಸಾದದ್ದನ್ನು ಆಮೇಲೆ ಬದಲಿಸುವುದು ಎಷ್ಟು ಕಷ್ಟ ಎಂದು ಇದರಿಂದಲೇ ತಿಳಿಯಿರಿ.

ಹಾಗಾದರೆ ಏನು ಮಾಡಬೇಕು? ಸ್ಥಳೀಯ ಸಭೆಗಳು ಬಹಿರಂಗವಾಗಿ ನಡೆಯಬೇಕೆನ್ನುವ, ಬ್ರೌನ್ ಆಕ್ಟ್ ಎಂಬ 1953ರ ಕಾನೂನಿನ ಪ್ರಕಾರ ಮಾಮೂಲಿ ಸಭೆಯ ಅಜೆಂಡಾ 72 ಗಂಟೆ ಮೊದಲು ಹೊರಬರಬೇಕು. ಮಂಗಳವಾರ ಸಂಜೆ 7ಕ್ಕೆ ಸಭೆಯಿದ್ದರೆ ಶನಿವಾರ ಸಂಜೆ 7 ಕೊನೆ. ವಾರಾಂತ್ಯದಲ್ಲಿ ಕಚೇರಿ ಮುಚ್ಚಿರುವುದರಿಂದ ಶುಕ್ರವಾರವೇ, ಎಷ್ಟೋ ಕಡೆ ಅದಕ್ಕೂ ಮೊದಲೇ ಬಂದಿರುತ್ತದೆ. ಕನ್ಸೆಂಟ್ ಭಾಗದಲ್ಲಿ ಸೆಕೆಂಡ್ ರೀಡಿಂಗ್ ಅಥವಾ ಅಡಾಪ್ಟ್ ಆರ್ಡಿನೆನ್ಸ್ ಎಂಬ ಪದ ಹುಡುಕಿ, ಐಟಂ ಸಂಖ್ಯೆ ಗುರುತು ಹಾಕಿಕೊಳ್ಳಿ. ಸೋಮವಾರ ಬೆಳಿಗ್ಗೆಯೇ ನಿಮ್ಮ ಸದಸ್ಯರಿಗೆ ಇಮೇಲ್ ಬರೆದು, ಈ ಸಂಖ್ಯೆಯ ಐಟಂ ಅನ್ನು ಕನ್ಸೆಂಟ್‌ನಿಂದ ಹೊರತೆಗೆಯಿರಿ ಎಂದು ಕೇಳಿ. ಕೆಲವು ನಗರಗಳಲ್ಲಿ ಸಾರ್ವಜನಿಕರೇ ಹೊರತೆಗೆಸಬಹುದು, ಹಲವೆಡೆ ಸದಸ್ಯರು ಮಾತ್ರ ಕೇಳಬಹುದು. ಅದು ಸಾಮಾನ್ಯವಾಗಿ ಅಜೆಂಡಾದಲ್ಲೇ ಬರೆದಿರುತ್ತದೆ. ಸಭೆಗೆ ಹೋದ ಕೂಡಲೇ ಮಾತಾಡಲು ಹೆಸರು ಕೊಡುವ ಸ್ಪೀಕರ್ ಕಾರ್ಡ್ ತುಂಬಿ, ಸಭೆಯ ದಾಖಲೆ ನೋಡಿಕೊಳ್ಳುವ ಸಿಟಿ ಕ್ಲರ್ಕ್ ಕೈಗೆ ಕೊಡಿ. ಅದರ ಮೇಲೆ ಐಟಂ ಸಂಖ್ಯೆ ಬರೆಯಿರಿ, "ಮರದ ವಿಷಯ" ಎಂದಷ್ಟೇ ಬರೆದರೆ ಅದು ಬೇರೆ ಐಟಂನ ಚೀಟಿಗಳ ಜೊತೆ ಸೇರಿಹೋಗಬಹುದು. ಹೊರತೆಗೆದ ಐಟಂ ಅನ್ನು ಸಭೆಯ ಕೊನೆಗೆ ತಳ್ಳುವುದುಂಟು, ರಾತ್ರಿ ಹತ್ತರವರೆಗೆ ಕೂರಲು ಸಿದ್ಧರಾಗಿ ಹೋಗಿ.

ಮಾತಾಡುವಾಗ ಇಡೀ ನಿಯಮವನ್ನೇ ಬೈಯುವುದಕ್ಕಿಂತ ಒಂದು ಸಾಲಿನ ತಿದ್ದುಪಡಿ ಕೇಳುವುದು ಹೆಚ್ಚು ಫಲ ಕೊಡುತ್ತದೆ. ಕಾರಣ ಇದೆ. ಅಕ್ಷರದೋಷ ಬಿಟ್ಟು ಬೇರೇನನ್ನು ಬದಲಿಸಿದರೂ ಆ ಆರ್ಡಿನೆನ್ಸ್ ಅಂದು ಪಾಸಾಗುವಂತಿಲ್ಲ, ಮತ್ತೆ ಕನಿಷ್ಠ 5 ದಿನ ಬಿಟ್ಟು ಮಾಮೂಲಿ ಸಭೆಗೇ ಬರಬೇಕು. ಡಿಸೆಂಬರ್‌ನ ಕೊನೆಯ ಸಭೆಯಲ್ಲಾದರೆ ಅದು ಜನವರಿಗೆ ಹೋಯಿತೆಂದೇ ಅರ್ಥ.

ಜನವರಿಗೆ ಹೋದರೆ ಮತ ಹಾಕುವವರೂ ಬದಲಾಗಿರುತ್ತಾರೆ. ನವೆಂಬರ್‌ನಲ್ಲಿ ನಾವು ಗೆಲ್ಲಿಸಿದವರು ಡಿಸೆಂಬರ್ ಸಭೆಯಲ್ಲಿ ನಮ್ಮ ಪರ ಮತ ಹಾಕುತ್ತಾರೆಂದು ಬಹಳ ಜನ ನಂಬಿ ಬರುತ್ತಾರೆ. ಚುನಾವಣೆಯ ವರ್ಷದ ಕ್ರಮ ಬೇರೆ. ಕೌಂಟಿಯ ಎಣಿಕೆ ಅಧಿಕೃತವಾಗಲು ಸುಮಾರು ಒಂದು ತಿಂಗಳು ಬೇಕು. ಅಲ್ಲಿಯವರೆಗೆ ಹಳೆಯ ಸದಸ್ಯರದೇ ಅಧಿಕಾರ. ಹೊಸಬರು ಪ್ರಮಾಣವಚನ ತೆಗೆದುಕೊಳ್ಳುವ ಸಂಜೆಯೂ ಹಲವೆಡೆ ಮೊದಲು ಹಳೆಯ ಕೌನ್ಸಿಲ್ ಬಾಕಿ ಕೆಲಸ ಮುಗಿಸುತ್ತದೆ. ಆಮೇಲೆ ಫಲಿತಾಂಶ ಘೋಷಿಸುವ ನಿರ್ಣಯ, ಬೀಳ್ಕೊಡುಗೆ, ಸಿಟಿ ಕ್ಲರ್ಕ್ ಬೋಧಿಸುವ ಪ್ರಮಾಣವಚನ, ಕೊನೆಗೆ ಮೇಯರ್ ಆಯ್ಕೆ. ಹೊರಟು ನಿಂತ ಸದಸ್ಯರ ಕೊನೆಯ ಮತಕ್ಕೂ ಪೂರ್ಣ ಬೆಲೆ ಇದೆ. ಕೂಪರ್ಟಿನೋದಂಥ ಐದು ಜನರ ಕೌನ್ಸಿಲ್‌ನಲ್ಲಿ ಮೂರು ಮತ ಸಾಕು, ಅವರದು ಮೂರನೆಯದಾಗಿರಬಹುದು.

ಕೂಪರ್ಟಿನೋದಲ್ಲಿ ಸದಸ್ಯರೇ ತಮ್ಮಲ್ಲೊಬ್ಬರನ್ನು ವರ್ಷಕ್ಕೊಮ್ಮೆ ಮೇಯರ್ ಮಾಡುತ್ತಾರೆ. ಫ್ರೀಮಾಂಟ್, ಸನ್ನಿವೇಲ್, ಸ್ಯಾನ್ ಹೋಸೆಗಳಲ್ಲಿ ಮೇಯರ್‌ಗೆ ಜನರೇ ನೇರ ಮತ ಹಾಕುತ್ತಾರೆ. ಪ್ರಮಾಣವಚನ, ಮೇಯರ್ ಆಯ್ಕೆಯ ಈ ಪುನರ್‌ರಚನೆಯನ್ನು ವಿಶೇಷ ಸಭೆಯಾಗಿ ಕರೆದಿದ್ದರೆ ಅಜೆಂಡಾಗೆ 24 ಗಂಟೆಯ ಗಡುವು ಮಾತ್ರ, ಮತ್ತು ಅಜೆಂಡಾದಲ್ಲಿರುವುದನ್ನು ಬಿಟ್ಟು ಬೇರೆ ವಿಷಯ ಮಾತಾಡುವ ಹಕ್ಕೂ ಇರುವುದಿಲ್ಲ. ಗುಂಡಿ, ಬೀದಿದೀಪದ ದೂರನ್ನು ಅಂದು ಒಯ್ಯಬೇಡಿ.

ನಿಮ್ಮ ಮಾತಿಗೆ ಸಾಮಾನ್ಯವಾಗಿ 3 ನಿಮಿಷ. ಜನ ಹೆಚ್ಚಾದರೆ ಮೇಯರ್ 2ಕ್ಕೋ 1ಕ್ಕೋ ಇಳಿಸುತ್ತಾರೆ, ಆದ್ದರಿಂದ ಒಂದು ನಿಮಿಷದ ರೂಪವೂ ಕೈಯಲ್ಲಿರಲಿ. ಮಾತಾಡಲು ಪೌರತ್ವ ಬೇಕಿಲ್ಲ, ವೀಸಾ ಯಾರೂ ಕೇಳುವುದಿಲ್ಲ. ಊರಿಂದ ಬಂದಿರುವ ಅಪ್ಪ ಅಮ್ಮಂದಿರೂ ಮಾತಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಪಕ್ಕದಲ್ಲಿ ಅನುವಾದ ಮಾಡುವವರು ನಿಂತರೆ ಕಾನೂನಿನ ಪ್ರಕಾರ ಕನಿಷ್ಠ ಎರಡರಷ್ಟು ಸಮಯ ಕೊಡಬೇಕು, ಅಂದರೆ 6 ನಿಮಿಷ. ವಾಕಿಂಗ್ ಹೋಗುವ ಪಾರ್ಕಿನ ಬೆಂಚು, ಫುಟ್‌ಪಾತ್, ಬಸ್ಸಿನ ಬಗ್ಗೆ ಹಿರಿಯರಿಗೆ ಗೊತ್ತಿರುವಷ್ಟು ಕಾರಿನಲ್ಲೇ ಓಡಾಡುವ ನಮಗೆ ಗೊತ್ತಿಲ್ಲ. ಅವರನ್ನು ಕರೆದುಕೊಂಡು ಹೋಗಿ.

ಅಜೆಂಡಾದಲ್ಲಿಲ್ಲದ ವಿಷಯ ಹೇಳಿದಾಗ ಸದಸ್ಯರು ಸುಮ್ಮನೆ ಕುಳಿತಿದ್ದರೆ ಬೇಸರ ಬೇಡ. ಅಂಥ ವಿಷಯವನ್ನು ಚರ್ಚಿಸಲು ಕಾನೂನೇ ಅವರಿಗೆ ಬಿಡುವುದಿಲ್ಲ. ಐದೂ ಜನರಿಗೆ ಇಮೇಲ್ ಕಳಿಸಿದಾಗ ಎಲ್ಲರೂ ಸೇರಿ ಅದೇ ಸರಣಿಯಲ್ಲಿ ಉತ್ತರಿಸದಿರುವುದಕ್ಕೂ ಅದೇ ಕಾರಣ: ಬಹುಮತದ ಸದಸ್ಯರು ಸಭೆಯ ಹೊರಗೆ ಚರ್ಚಿಸಿದಂತಾಗುತ್ತದೆ. ಕನ್ನಡ ಕೂಟದ ಊಟಕ್ಕೆ ಮೂವರು ಸದಸ್ಯರು ಬಂದರೆ ಅವರು ಬರಬಹುದು, ಉಣ್ಣಬಹುದು. ಅವರನ್ನು ಒಂದೇ ಮೇಜಿಗೆ ಕೂರಿಸಿ ಸಿಟಿಯ ಕೆಲಸ ಎತ್ತಬೇಡಿ, ಅವರಿಗೇ ತೊಂದರೆ.

ಈಗ ಶಾಲಿನ ವಿಷಯ. ಬೀಳ್ಕೊಡುಗೆಯಲ್ಲಿ ಗೌರವಪತ್ರ ಓದುತ್ತಾರೆ, ಸಹ ಸದಸ್ಯರು ಒಬ್ಬೊಬ್ಬರಾಗಿ ಮಾತಾಡುತ್ತಾರೆ, ಕೌಂಟಿ ಸೂಪರ್‌ವೈಸರ್ ಮತ್ತು ಅಸೆಂಬ್ಲಿ ಸದಸ್ಯರ ಕಚೇರಿಯವರು ಚೌಕಟ್ಟು ಹಾಕಿದ ಪ್ರಶಸ್ತಿಪತ್ರ ತರುತ್ತಾರೆ. ನಮ್ಮ ಸಂಘದಿಂದ ಸನ್ಮಾನ ಮಾಡುವುದಿದ್ದರೆ ಒಂದು ವಾರ ಮೊದಲೇ ಸಿಟಿ ಕ್ಲರ್ಕ್‌ಗೆ ತಿಳಿಸಿ. ಒಬ್ಬರೇ ದಾನಿಯಿಂದ ಒಂದು ವರ್ಷದಲ್ಲಿ ಬಂದದ್ದೆಲ್ಲ ಸೇರಿ 50 ಡಾಲರ್ ಮುಟ್ಟಿದರೆ ಸದಸ್ಯರು ಅದನ್ನು ಫಾರ್ಮ್ 700 ಎಂಬ ತಮ್ಮ ಹಣಕಾಸಿನ ಘೋಷಣಾ ಪತ್ರದಲ್ಲಿ ತೋರಿಸಬೇಕು. ಒಬ್ಬರಿಂದ ಒಂದು ವರ್ಷದಲ್ಲಿ ಪಡೆಯಬಹುದಾದ ಉಡುಗೊರೆಗೆ 2025-26ರ ಗರಿಷ್ಠ ಮಿತಿ 630 ಡಾಲರ್. ಹುದ್ದೆ ಬಿಟ್ಟ 30 ದಿನದೊಳಗೆ ಅವರು ಕೊನೆಯ ಫಾರ್ಮ್ ಕೊಡಬೇಕಾಗಿರುವುದರಿಂದ ನಿಮ್ಮ ಉಡುಗೊರೆಯೂ ಅದರಲ್ಲಿ ಬರುತ್ತದೆ. ಯುಗಾದಿಗೆ ಕೊಟ್ಟ ರೇಷ್ಮೆ ಸೀರೆ, ದಸರೆಗೆ ಕೊಟ್ಟ ಬೆಳ್ಳಿ ದೀಪ ಎಲ್ಲ ಅದೇ ಲೆಕ್ಕಕ್ಕೆ. ಹೆಸರು ಕೆತ್ತಿಸಿದ ಫಲಕ 250 ಡಾಲರ್‌ಗಿಂತ ಕಡಿಮೆಯದಾದರೆ ಉಡುಗೊರೆಯ ಲೆಕ್ಕಕ್ಕೇ ಬರುವುದಿಲ್ಲ. ಹೂವಿನ ಹಾರ, ಸಾದಾ ಶಾಲು, ಹೆಸರಿನ ಫಲಕ ಇಷ್ಟು ಸಾಕು, ಗೌರವಕ್ಕೆ ಏನೂ ಕಡಿಮೆಯಾಗದು. ಜೊತೆಗೆ ಬೆಲೆಯ ಚೀಟಿಯನ್ನು ಲಕೋಟೆಯಲ್ಲಿಟ್ಟು ಕೊಡಿ. ನಮ್ಮಲ್ಲಿ ಬೆಲೆ ತೋರಿಸುವುದು ಅಗೌರವ, ಇಲ್ಲಿ ಅದು ಅವರಿಗೆ ಉಪಕಾರ.

ಹುದ್ದೆ ಬಿಟ್ಟವರು ಇನ್ನು ಬಿಡುವಾಗಿದ್ದಾರೆ, ಹಣ ಕೊಟ್ಟು ನಮ್ಮ ಪರ್ಮಿಟ್ ಕೆಲಸ ಮಾಡಿಸೋಣ ಎನ್ನುವವರಿದ್ದಾರೆ. ಅದು ಬೇಡ. ಪ್ರಭಾವ ಬೀರುವ ಉದ್ದೇಶದಿಂದ ಹಣ ಪಡೆದು ಮತ್ತೊಬ್ಬರ ಪರ ಅದೇ ಸಿಟಿಯ ಮುಂದೆ ನಿಲ್ಲಲು ಅವರಿಗೆ ಒಂದು ವರ್ಷ ನಿರ್ಬಂಧ ಇದೆ. ಚುನಾವಣಾ ದೇಣಿಗೆಯ ವಿಷಯ ಇನ್ನೂ ಗಂಭೀರ. ಎಚ್-1ಬಿ, ಎಲ್-1, ವಿದ್ಯಾರ್ಥಿ ವೀಸಾದವರು ಯಾವ ಚುನಾವಣೆಗೂ, ಪಕ್ಕದ ಮನೆಯವರ ಸಿಟಿ ಕೌನ್ಸಿಲ್ ಪ್ರಚಾರಕ್ಕೂ, ಒಂದು ಡಾಲರ್ ಕೂಡ ಕೊಡುವಂತಿಲ್ಲ. ಅದು ಫೆಡರಲ್ ಕಾನೂನು. ಗ್ರೀನ್ ಕಾರ್ಡ್ ಇದ್ದವರು ದೇಣಿಗೆ ಕೊಡಬಹುದು, ಮತ ಹಾಕುವಂತಿಲ್ಲ. ಡ್ರೈವಿಂಗ್ ಲೈಸೆನ್ಸ್ ಕೊಡುವ ಡಿಎಂವಿ ಕಚೇರಿಯ ಅರ್ಜಿಯಲ್ಲಿ ಮತದಾರರ ನೋಂದಣಿಯ ಚೌಕಕ್ಕೆ ಅರಿಯದೆ ಗುರುತು ಹಾಕಿದವರು ಪೌರತ್ವದ ಅರ್ಜಿಯ ಹೊತ್ತಿಗೆ ಕಣ್ಣೀರು ಹಾಕಿದ್ದಾರೆ.

ಊರಿನ ಪದ್ಧತಿಗೆ ಹೋಲಿಸಿದರೆ 72 ಗಂಟೆಯ ಅಜೆಂಡಾ, ಯಾರಿಗೂ ತೆರೆದ ಮೈಕ್ ಇವು ನಮ್ಮ ಪಾಲಿಕೆಗಳಿಗೂ ಬೇಕೇ ಬೇಕು. ಬೆಂಗಳೂರಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾಯಿತ ಸದಸ್ಯರೇ ಇಲ್ಲದೆ ಆಡಳಿತ ನಡೆಯಿತು; ಇಲ್ಲಿ ಸದಸ್ಯರೊಬ್ಬರು ಅವಧಿಯ ನಡುವೆ ಬಿಟ್ಟುಹೋದರೂ ಸಾಮಾನ್ಯ ಕಾನೂನಿನ ನಗರಗಳಲ್ಲಿ, ಅಂದರೆ ಸ್ವಂತ ಚಾರ್ಟರ್ ಇಲ್ಲದೆ ರಾಜ್ಯದ ಕಾನೂನಿನಂತೆ ನಡೆಯುವ ಕಡೆ, ಕೌನ್ಸಿಲ್ 60 ದಿನದೊಳಗೆ ಯಾರನ್ನಾದರೂ ನೇಮಿಸಬೇಕು ಇಲ್ಲವೇ ಚುನಾವಣೆ ಕರೆಯಬೇಕು. ಆದರೆ ಮಹಿಳೆಯರಿಗೆ ಅರ್ಧ ಸ್ಥಾನ ಮೀಸಲಿಟ್ಟ ಕರ್ನಾಟಕದ ಪದ್ಧತಿ ಇಲ್ಲಿಗಿಂತ ಮುಂದಿದೆ. ಕಾರ್ಪೊರೇಟರ್ ಮನೆ ಬಾಗಿಲು ತಟ್ಟಿದರೆ ಕೆಲಸಗಾರರು ಬಂದು ಚರಂಡಿ ತೆರವು ಮಾಡುವ ಹತ್ತಿರದ ನಂಟೂ ಇಲ್ಲಿಲ್ಲ. ಹೆಚ್ಚಿನ ನಗರಗಳಲ್ಲಿ ಸಿಬ್ಬಂದಿಗೆ ಅಪ್ಪಣೆ ಕೊಡುವವರು ಸಿಟಿ ಮ್ಯಾನೇಜರ್, ಸದಸ್ಯರಲ್ಲ.

ಮನೆ ಕಟ್ಟುವವರಿಗೆ, ಪಕ್ಕದವರ ಕಟ್ಟಡಕ್ಕೆ ಆಕ್ಷೇಪ ಇರುವವರಿಗೆ ಒಂದು ಮಾತು. ಕೌನ್ಸಿಲ್ ಕೊಟ್ಟ ಜೋನಿಂಗ್ (ಎಲ್ಲಿ ಏನು ಕಟ್ಟಬಹುದೆಂಬ) ಅಥವಾ ಪರ್ಮಿಟ್ ತೀರ್ಮಾನವನ್ನು ಕೋರ್ಟಿಗೆ ಒಯ್ಯಲು ಸಾಮಾನ್ಯವಾಗಿ 90 ದಿನ. ವಿಚಾರಣೆಯಲ್ಲಿ ಹೇಳದೆ, ಅಷ್ಟರೊಳಗೆ ಬರೆದೂ ಕೊಡದೆ ಬಿಟ್ಟ ಅಂಶವನ್ನು ಆಮೇಲೆ ಎತ್ತಲು ಬಿಡದಿರಬಹುದು. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಹಲವು ಸಿಟಿ ಹಾಲ್‌ಗಳು ಮುಚ್ಚಿರುತ್ತವೆ, ಆ ದಿನಗಳೂ ಲೆಕ್ಕಕ್ಕೆ ಸೇರುತ್ತವೆ.

ಮತವಿಲ್ಲದೆ ವರ್ಷಗಟ್ಟಲೆ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತಿರುವವರಿಗೆ ಇಲ್ಲಿ ತೆರೆದಿರುವ ಬಾಗಿಲು ಕಮಿಷನ್‌ಗಳು, ಅಂದರೆ ನಿವಾಸಿಗಳನ್ನು ನೇಮಿಸುವ ನಗರದ ಸಮಿತಿಗಳು: ಲೈಬ್ರರಿ, ಪಾರ್ಕು, ಪ್ಲಾನಿಂಗ್. ಬರುವ ವರ್ಷ ಯಾವ ಸ್ಥಾನಗಳ ಅವಧಿ ಮುಗಿಯುತ್ತದೆ, ಅರ್ಹತೆ ಏನು ಎಂಬ ಪಟ್ಟಿಯನ್ನು ಪ್ರತಿ ನಗರವೂ ಡಿಸೆಂಬರ್ 31ರೊಳಗೆ ಸಿದ್ಧಪಡಿಸಬೇಕು. 2020ರಿಂದ ರಾಜ್ಯದ ಕಾನೂನು ಪೌರತ್ವ ಇಲ್ಲದ, 18 ತುಂಬಿದ ಕ್ಯಾಲಿಫೋರ್ನಿಯಾ ನಿವಾಸಿಗಳಿಗೂ ನೇಮಕದ ಹುದ್ದೆಗಳನ್ನು ತೆರೆದಿದೆ. ಗೌರವಧನ ಕೊಡುವ ಕಮಿಷನ್ ಆದರೆ ಅದನ್ನು ಪಡೆಯುವ ಮೊದಲು ವೀಸಾ ವಕೀಲರನ್ನು ಕೇಳಿ. ಸಿಟಿ ಕ್ಲರ್ಕ್‌ಗೆ ಲೋಕಲ್ ಅಪಾಯಿಂಟ್‌ಮೆಂಟ್ಸ್ ಲಿಸ್ಟ್ ಎಂದು ಕೇಳಿದರೆ ಸಾಕು, ಕೊಡುತ್ತಾರೆ. ಅರ್ಜಿಯ ಕೊನೆಯ ದಿನ ಹಲವೆಡೆ ಜನವರಿಯಲ್ಲೇ ಬಂದುಬಿಡುತ್ತದೆ. ಬೀಳ್ಕೊಡುಗೆಗೆ ಹೋದ ದಿನವೇ ಪಟ್ಟಿ ಕೇಳಿಕೊಂಡು ಬನ್ನಿ.