ಕರೆಂಟಿಲ್ಲದ ತೋಟದಲ್ಲಿ ಎರಡು ದಿನ: ಕ್ಯಾಂಪರ್ ವ್ಯಾನ್‌ನ ಬ್ಯಾಟರಿ, ಚಾರ್ಜಿಂಗ್ ಸಜ್ಜುಗೊಳಿಸುವುದು ಹೇಗೆ?

ಕ್ಯಾಂಪರ್ ವ್ಯಾನ್ ಅಥವಾ ಕಾರಿನ ಹಿಂದೆ ಎಳೆದು ತರುವ ಕ್ಯಾರವಾನ್‌ನಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆ ಬಂದು, ಪ್ಲಗ್ ಸಿಗದ ತೋಟದ ಅಂಗಳದಲ್ಲಿ ತಂಗುವವರಿಗೆ ಮೊದಲ ರಾತ್ರಿ ಹೇಗೋ ಕಳೆಯುತ್ತದೆ. ಎರಡನೇ ರಾತ್ರಿ ಫ್ರಿಜ್ ನಿಲ್ಲುತ್ತದೆ. ಊರಿಗೆ ಮರಳಿದ ಮೇಲೆ ಹೆಚ್ಚಿನವರು ಇನ್ನೂ ದೊಡ್ಡ ಬ್ಯಾಟರಿಯನ್ನು ಕೊಳ್ಳುತ್ತಾರೆ. ಆದರೆ ಖಾಲಿಯಾದದ್ದನ್ನು ತುಂಬುವ ದಾರಿ ಸರಿಯಿಲ್ಲದಿದ್ದರೆ ದೊಡ್ಡ ಬ್ಯಾಟರಿಯೂ ತುಸು ತಡವಾಗಿ ಖಾಲಿಯಾಗುತ್ತದೆ, ಅಷ್ಟೆ. ಮಳೆ, ಮಂಜು, ಮರದ ನೆರಳು ಮೂರೂ ಧಾರಾಳವಾಗಿರುವ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಮಲೆನಾಡಿನಲ್ಲಿ ಮೊದಲ ಗಮನವೂ ಮೊದಲ ಖರ್ಚೂ ಚಾರ್ಜಿಂಗ್ ವ್ಯವಸ್ಥೆಗೇ ಸಲ್ಲಬೇಕು.

ಮೊದಲು ಲೆಕ್ಕ

ಪ್ರತಿ ಉಪಕರಣದ ವ್ಯಾಟ್ ಅನ್ನು ಅದು ದಿನಕ್ಕೆ ಓಡುವ ಗಂಟೆಗಳಿಂದ ಗುಣಿಸಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. 45 ವ್ಯಾಟ್‌ನ 12 ವೋಲ್ಟ್ ಫ್ರಿಜ್ ದಿನವಿಡೀ ಆನ್ ಇದ್ದರೂ ಅದರ ಕಂಪ್ರೆಸರ್ ಓಡುವುದು ಸುಮಾರು 10 ಗಂಟೆ ಎಂದಿಟ್ಟುಕೊಂಡರೆ 450 ವ್ಯಾಟ್-ಅವರ್ ಆಯಿತು. 5 ವ್ಯಾಟ್‌ನ ನಾಲ್ಕು ಎಲ್‌ಇಡಿ ದೀಪಗಳು 5 ಗಂಟೆ ಉರಿದರೆ 100, 25 ವ್ಯಾಟ್‌ನ ಫ್ಯಾನ್ 8 ಗಂಟೆ ತಿರುಗಿದರೆ 200, ಮೊಬೈಲು, ಲ್ಯಾಪ್‌ಟಾಪು, ನೀರಿನ ಪಂಪಿಗೆ ಸೇರಿ 150. ಒಟ್ಟು ದಿನಕ್ಕೆ 900 ವ್ಯಾಟ್-ಅವರ್. ಬಳಕೆ ಇಲ್ಲದಾಗಲೂ ಆನ್ ಆಗಿಯೇ ಉಳಿದ ಇನ್ವರ್ಟರ್ ತನ್ನಷ್ಟಕ್ಕೆ 10 ವ್ಯಾಟ್ ತಿಂದರೂ ದಿನಕ್ಕೆ 240 ಹೋಗುವುದರಿಂದ, ಅದನ್ನು ಆರಿಸುವ ಸ್ವಿಚ್ ಕೈಗೆಟುಕುವಂತಿರಲಿ. 2000 ವ್ಯಾಟ್‌ನ ಇಂಡಕ್ಷನ್ ಒಲೆ 12 ವೋಲ್ಟ್ ಬ್ಯಾಟರಿಯಿಂದ 160 ಆಂಪಿಯರ್‌ಗಿಂತ ಹೆಚ್ಚು ಎಳೆಯುತ್ತದೆ. ಅಡುಗೆಗೆ ಗ್ಯಾಸ್ ಒಲೆಯೇ ಸರಿ.

ಯಾವ ಬ್ಯಾಟರಿ?

ಮನೆಯ ಯುಪಿಎಸ್‌ಗೆ ಬಳಸುವ ಟ್ಯೂಬುಲರ್ ಬ್ಯಾಟರಿಯನ್ನು ವಾಹನದೊಳಗೆ ಇಡುವುದು ನನಗೆ ಒಪ್ಪಿಗೆಯಿಲ್ಲ. ಬಾಳಿಕೆ ಬರಬೇಕಾದರೆ ಅದರ ಅರ್ಧದಷ್ಟನ್ನು ಮಾತ್ರ ಬಳಸಬೇಕು. ಅದಕ್ಕಿಂತ ಮುಖ್ಯವಾಗಿ, ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬಿಡುವ ವಸ್ತು ಮಲಗುವ ಹಾಸಿಗೆಯ ಕೆಳಗೆ ಇರಕೂಡದು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೆ 12.8 ವೋಲ್ಟ್, 100 ಆಂಪಿಯರ್-ಅವರ್ (ಎಎಚ್) ಸಾಮರ್ಥ್ಯದ್ದು 1280 ವ್ಯಾಟ್-ಅವರ್ ಹಿಡಿಸುತ್ತದೆ, ಅದರಲ್ಲಿ 80ರಿಂದ 90 ಶೇಕಡಾ ನಿಶ್ಚಿಂತೆಯಿಂದ ಬಳಸಬಹುದು. ಮೇಲಿನ ಲೆಕ್ಕಕ್ಕೆ 200 ಎಎಚ್ ಇದ್ದರೆ ಎರಡು ದಿನ ಸಾಗುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಬ್ಯಾಟರಿಯನ್ನು ಚಾರ್ಜ್ ಮಾಡಬಾರದೆಂಬ ನಿಯಮ ಲಡಾಖ್‌ಗೆ ಹೊರಟವರಿಗೆ ಮುಖ್ಯ, ನಮ್ಮ ಚಳಿಗಾಲಕ್ಕಲ್ಲ. ನಾವು ಅಂಜಬೇಕಾದದ್ದು ಬಿಸಿಲಿಗೆ ನಿಂತ ವಾಹನದ ಒಳಗಿನ ಕಾವಿಗೆ. ಹಳೆಯ ಲೆಡ್ ಆಸಿಡ್ ಬ್ಯಾಟರಿಯನ್ನು ಇದರ ಜೊತೆ ಪ್ಯಾರಲಲ್ ಆಗಿ ಜೋಡಿಸಲೇಬಾರದು.

ಓಡುವಾಗಲೇ ತುಂಬಲಿ

ನಮ್ಮ ಕಡೆ ಅತ್ಯಂತ ನಂಬಿಕೆಯ ಚಾರ್ಜರ್ ಎಂದರೆ ಎಂಜಿನ್ ತಿರುಗುವಾಗ ಕರೆಂಟ್ ಉತ್ಪಾದಿಸುವ, ವಾಹನದ ಆಲ್ಟರ್ನೇಟರ್. ಜುಲೈ ತಿಂಗಳ ಮಳೆಗೂ ಅದು ಹೆದರುವುದಿಲ್ಲ. ಆದರೆ ಅದನ್ನು ಲಿಥಿಯಂ ಬ್ಯಾಟರಿಗೆ ನೇರವಾಗಿ ಸೇರಿಸಬಾರದು. ಒಳಗಿನ ರೆಸಿಸ್ಟೆನ್ಸ್ ತೀರ ಕಡಿಮೆಯಿರುವ ಈ ಬ್ಯಾಟರಿ, ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗಲೂ ಸಿಕ್ಕಷ್ಟು ಕರೆಂಟ್ ಎಳೆದು ಆಲ್ಟರ್ನೇಟರನ್ನೇ ಸುಟ್ಟುಬಿಡಬಹುದು. ಇನ್ನು ಹೊಸ ಬಿಎಸ್-6 ವಾಹನಗಳಲ್ಲಿ ಅನೇಕವು ಇಂಧನ ಉಳಿಸಲು ಆಲ್ಟರ್ನೇಟರಿನ ವೋಲ್ಟೇಜನ್ನು ಏರಿಸಿ ಇಳಿಸುತ್ತಿರುವುದರಿಂದ ಬ್ಯಾಟರಿ ಪೂರ್ತಿ ತುಂಬುವುದೂ ಇಲ್ಲ. ಇವೆರಡಕ್ಕೂ ಪರಿಹಾರ ಮಧ್ಯದಲ್ಲಿ ಕೂರಿಸುವ, ಕರೆಂಟನ್ನು ಮಿತಿಯಲ್ಲಿಟ್ಟು ಬ್ಯಾಟರಿಗೆ ಬೇಕಾದ ವೋಲ್ಟೇಜ್ ಕೊಡುವ ಡಿಸಿ-ಡಿಸಿ ಚಾರ್ಜರ್. 30 ಆಂಪಿಯರ್‌ನದು ಸುಮಾರು 400 ವ್ಯಾಟ್ ಕೊಡುತ್ತದೆ. ಹಾಸನದಿಂದ ಬೇಲೂರಿನ ಮೇಲೆ ಚಿಕ್ಕಮಗಳೂರಿಗೆ ಬರುವ ಒಂದೂವರೆ ಗಂಟೆಯಲ್ಲಿ 600 ವ್ಯಾಟ್-ಅವರ್, ಅಂದರೆ ಒಂದು ದಿನದ ಖರ್ಚಿನ ಮೂರನೇ ಎರಡು ಭಾಗ ತುಂಬಿರುತ್ತದೆ.

ಈ ಚಾರ್ಜರನ್ನು ಎಂಜಿನ್ ಹತ್ತಿರವಲ್ಲ, ಒಳಗಿನ ಬ್ಯಾಟರಿಯ ಹತ್ತಿರ ಕೂರಿಸಿ. ಎಂಜಿನ್ ಬ್ಯಾಟರಿಯಿಂದ ಅಲ್ಲಿಯವರೆಗೆ 5 ಮೀಟರ್ ದೂರವಿದ್ದರೆ 16 ಚದರ ಮಿಲಿಮೀಟರ್‌ನ ತಾಮ್ರದ ಕೇಬಲ್ ಬೇಕು. ಎಳೆಯುವ ಕ್ಯಾರವಾನ್‌ಗೆ ಇಂಡಿಕೇಟರ್ ದೀಪಗಳ ಪ್ಲಗ್ಗಿನ ತೆಳು ವೈರು ಸಾಲದು, ಪ್ರತ್ಯೇಕ ದಪ್ಪ ಕೇಬಲ್ಲೇ ಬೇಕು. ಎರಡು ತುದಿಯಲ್ಲೂ ಬ್ಯಾಟರಿ ಇರುವುದರಿಂದ ಎರಡು ತುದಿಗೂ ಫ್ಯೂಸ್ ಹಾಕಬೇಕು.

ಸೋಲಾರ್ ಮತ್ತು ಪ್ಲಗ್

200 ವ್ಯಾಟ್‌ನ ಪ್ಯಾನೆಲ್ ಮತ್ತು ಅದರಿಂದ ಗರಿಷ್ಠ ವಿದ್ಯುತ್ ಪಡೆದು ಬ್ಯಾಟರಿಗೆ ತುಂಬುವ ಎಂಪಿಪಿಟಿ ಕಂಟ್ರೋಲರ್ ಇದ್ದರೆ ಬಯಲಿನಲ್ಲಿ, ಒಳ್ಳೆಯ ಬಿಸಿಲಿನ ದಿನ 600 ವ್ಯಾಟ್-ಅವರ್ ನಿರೀಕ್ಷಿಸಬಹುದು. ತೋಟದಲ್ಲಿ ಆ ಮಾತಿಲ್ಲ. ಸಿಲ್ವರ್ ಓಕ್ ಮರದ ಒಂದು ಕೊಂಬೆಯ ನೆರಳು ಪ್ಯಾನೆಲ್ಲಿನ ಮೂಲೆಗೆ ಬಿದ್ದರೂ ಉತ್ಪಾದನೆ ಥಟ್ಟನೆ ಕುಸಿಯುತ್ತದೆ, ಏಕೆಂದರೆ ಸೆಲ್‌ಗಳು ಒಂದರ ಹಿಂದೊಂದು ಸರಣಿಯಾಗಿ ಸೇರಿರುತ್ತವೆ. ತೋಟದಲ್ಲಿ ತೆರೆದ ಆಕಾಶವಿರುವ ಜಾಗವೆಂದರೆ ಕಾಫಿ ಒಣಗಿಸುವ ಕಣ. ಕುಯ್ಲಿನ ಕಾಲದಲ್ಲಿ, ಡಿಸೆಂಬರಿನಿಂದ ಮಾರ್ಚ್‌ವರೆಗೆ, ಅದು ಬೆಳೆಗಾರರಿಗೇ ಬೇಕು. ಹಾಗಾಗಿ ಮಾಲೀಕರನ್ನು ಕೇಳಿ ವಾಹನವನ್ನು ನೆರಳಿನಲ್ಲೇ ನಿಲ್ಲಿಸಿ, ಮಡಚುವ ಪ್ಯಾನೆಲ್ಲನ್ನು 10 ಮೀಟರ್ ಕೇಬಲಿನೊಂದಿಗೆ ಕಣದ ಅಂಚಿನಲ್ಲಿ ಒರಗಿಸಿಡುವುದು ಛಾವಣಿಗೆ ಬಿಗಿದ ಪ್ಯಾನೆಲ್ಲಿಗಿಂತ ಒಳ್ಳೆಯದು. ಡಿಸೆಂಬರಿನಲ್ಲಿ ಮಧ್ಯಾಹ್ನದ ಸೂರ್ಯನೂ ದಕ್ಷಿಣಕ್ಕೆ ವಾಲಿರುವುದರಿಂದ ಛಾವಣಿಯ ಮೇಲೆ ಚಪ್ಪಟೆಯಾಗಿ ಮಲಗಿದ ಪ್ಯಾನೆಲ್ಲು ಆ ಹೊತ್ತಿನಲ್ಲೂ ಐದನೇ ಒಂದು ಭಾಗ ಕಳೆದುಕೊಳ್ಳುತ್ತದೆ. ಒರಗಿಸಿಟ್ಟದ್ದನ್ನು ದಕ್ಷಿಣಕ್ಕೆ ತಿರುಗಿಸಬಹುದು.

ಹೋಂಸ್ಟೇಗಳಲ್ಲಿ ಪ್ಲಗ್ ಸಿಕ್ಕಾಗ ಬಳಸಲು 230 ವೋಲ್ಟ್‌ನ ಚಾರ್ಜರ್ ಒಂದಿರಲಿ. ಅದರಲ್ಲಿ ಲಿಥಿಯಂ ಆಯ್ಕೆ ಇರಬೇಕು, ಅಂದರೆ 14.2ರಿಂದ 14.6 ವೋಲ್ಟ್‌ನೊಳಗೆ ನಿಲ್ಲಬೇಕು. ಲೆಡ್ ಆಸಿಡ್ ಬ್ಯಾಟರಿಗಳಿಗಿರುವ, ಹೆಚ್ಚು ವೋಲ್ಟೇಜ್ ಕೊಟ್ಟು ಸೆಲ್‌ಗಳನ್ನು ಸಮಗೊಳಿಸುವ ಈಕ್ವಲೈಸೇಷನ್ ಆಯ್ಕೆ ಆಫ್ ಆಗಿರಬೇಕು.

ಫ್ಯೂಸ್, ಲಗ್, ಜೋಡಣೆ

ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಸಾವಿರಾರು ಆಂಪಿಯರ್ ಹರಿಯಬಲ್ಲದು. ಆದ್ದರಿಂದ ಪಾಸಿಟಿವ್ ಟರ್ಮಿನಲ್ಲಿನಿಂದ ಗೇಣು ದೂರದೊಳಗೇ, ಅಷ್ಟು ಭಾರಿ ಕರೆಂಟನ್ನೂ ಕಡಿಯಬಲ್ಲ ಕ್ಲಾಸ್ ಟಿ ಮಾದರಿಯ ಮುಖ್ಯ ಫ್ಯೂಸ್ ಇರಬೇಕು. 1000 ವ್ಯಾಟ್‌ನ ಇನ್ವರ್ಟರ್ ಸುಮಾರು 95 ಆಂಪಿಯರ್ ಎಳೆಯುವುದರಿಂದ, ಅದಕ್ಕೆ 35 ಚದರ ಮಿಲಿಮೀಟರ್‌ನ ಕೇಬಲ್ ಮತ್ತು 125 ಆಂಪಿಯರ್ ಫ್ಯೂಸ್ ಸರಿಹೋಗುತ್ತದೆ. ಮನೆಯ ಎಸಿ ವೈರಿಂಗಿಗೆ ಹಾಕುವ ಎಂಸಿಬಿಯನ್ನು ಇಲ್ಲಿ ಬಳಸಬೇಡಿ: ಡಿಸಿ ಕರೆಂಟಿನ ಕಿಡಿಯನ್ನು ಅದು ಆರಿಸಲಾರದು.

ಕೇಬಲ್ ತುದಿಗೆ ಹಾಕುವ ಲೋಹದ ಲಗ್‌ಗಳನ್ನು ಇಕ್ಕಳದಿಂದ ಅಮುಕದೆ ಹೈಡ್ರಾಲಿಕ್ ಕ್ರಿಂಪಿಂಗ್ ಟೂಲಿನಿಂದಲೇ ಒತ್ತಿಸಿ. ಒತ್ತಿದ ಮೇಲೆ ಎರಡೂ ಕೈಯಿಂದ ಜಗ್ಗಿದರೂ ಕೇಬಲ್ ಕದಲಬಾರದು, ತಾಮ್ರದ ಒಂದೆಳೆಯೂ ಹೊರಗೆ ಇಣುಕಬಾರದು. ಇನ್ವರ್ಟರಿಗೆ ಪೂರ್ಣ ಲೋಡ್ ಹಾಕಿ ಕಾಲು ಗಂಟೆ ಓಡಿಸಿ, ಆಫ್ ಮಾಡಿದ ಕೂಡಲೇ ಪ್ರತಿ ಲಗ್ಗಿಗೂ ಅಂಗೈಯ ಹಿಂಬದಿ ಸೋಕಿಸಿ ನೋಡಿ. ಕೇಬಲ್ಲಿಗಿಂತ ಲಗ್ ಹೆಚ್ಚು ಬಿಸಿಯಾಗಿದ್ದರೆ ಆ ಜೋಡಣೆ ಸಡಿಲವಿದೆ ಎಂದೇ ಅರ್ಥ, ಬಿಚ್ಚಿ ಮತ್ತೆ ಮಾಡಿಸಬೇಕು.

ಸೋಲಾರ್ ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್ ಸೇರಿಸಿ. ಬಿಚ್ಚುವಾಗ ಮೊದಲು ಪ್ಯಾನೆಲ್. ಬಳಕೆಯ ಬಹುಪಾಲು ಅವಧಿಯಲ್ಲಿ ಲಿಥಿಯಂ ಬ್ಯಾಟರಿಯ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುವುದರಿಂದ ವೋಲ್ಟ್ ಮೀಟರ್ ನೋಡಿ ಎಷ್ಟು ಉಳಿದಿದೆಯೆಂದು ಹೇಳಲಾಗದು. ನೆಗೆಟಿವ್ ಕೇಬಲಿಗೆ ಷಂಟ್ (ಹರಿಯುವ ಕರೆಂಟನ್ನು ಅಳೆಯಲು ನೆರವಾಗುವ ಭಾಗ) ಇರುವ ಬ್ಯಾಟರಿ ಮಾನಿಟರ್ ಹಾಕಿಸಿ, ಬ್ಯಾಟರಿ ಪೂರ್ತಿ ತುಂಬಿದಾಗ ಅದನ್ನು ಶೇಕಡಾ 100ಕ್ಕೆ ಹೊಂದಿಸಿ. ಮೊದಲ ಸಲ ಚಾರ್ಮಾಡಿಯನ್ನೋ ಶಿರಾಡಿಯನ್ನೋ ಹತ್ತಿಳಿದು ಬಂದ ಮೇಲೆ, ಕುಲುಕಾಟಕ್ಕೆ ನಟ್ಟುಗಳು ಸಡಿಲಗೊಂಡಿರುವ ಸಾಧ್ಯತೆ ಇರುವುದರಿಂದ, ಮೇನ್ ಸ್ವಿಚ್ ಆರಿಸಿ ಪ್ರತಿಯೊಂದನ್ನೂ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ಬಿಗಿ ಮಾಡಿ.