ಹಳೆ ಲ್ಯಾಪ್‌ಟಾಪ್‌ಗೆ ಯಾವ ಓಎಸ್ (ಆಪರೇಟಿಂಗ್ ಸಿಸ್ಟಂ)? ಹಾಕುವ ಮುನ್ನ ನೋಡಬೇಕಾದ್ದು

ಎಂಟು–ಹತ್ತು ವರ್ಷದ ಲ್ಯಾಪ್‌ಟಾಪ್ ನಿಧಾನವಾಯಿತೆಂದರೆ, ಹಳೆ ಯಂತ್ರಕ್ಕೆ ಹಳೆ ವಿಂಡೋಸೇ ಹಗುರ ಅಂದುಕೊಂಡು ವಿಂಡೋಸ್ 7 ಹಾಕಿಸುವವರು ಇಂದಿಗೂ ಇದ್ದಾರೆ. ಈ ಲೆಕ್ಕ ತಪ್ಪು. ವಿಂಡೋಸ್ 7ಕ್ಕೆ ಭದ್ರತಾ ಅಪ್‌ಡೇಟ್ ನಿಂತಿದ್ದು 2020ರ ಜನವರಿ 14ಕ್ಕೆ, 8.1ಕ್ಕೆ ನಿಂತಿದ್ದು 2023ರ ಜನವರಿ 10ಕ್ಕೆ. ಎರಡರಲ್ಲೂ ಕ್ರೋಮ್ 109ನೇ ಆವೃತ್ತಿಗಿಂತ ಮುಂದೆ ಹೋಗುವುದಿಲ್ಲ. ಅಂಥ ಯಂತ್ರದಲ್ಲಿ ಬ್ಯಾಂಕ್ ಪಾಸ್‌ವರ್ಡ್ ಟೈಪ್ ಮಾಡುವುದೇ ಅಪಾಯ. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಹಗುರ?’ ಎಂದಲ್ಲ, ‘ಅಪ್‌ಡೇಟ್ ಎಲ್ಲಿಯವರೆಗೆ ಬರುತ್ತದೆ?’ ಎಂದು. ವೇಗವನ್ನು ಬೇರೆ ದಾರಿಯಿಂದ ತರಬಹುದು, ನಿಂತುಹೋದ ಅಪ್‌ಡೇಟನ್ನು ಯಾರೂ ತಂದುಕೊಡಲಾರರು.

ಹಂತ 1: ಒಳಗೇನಿದೆ ನೋಡಿ

ಸ್ಟಾರ್ಟ್ ಮೆನುವಿನಲ್ಲಿ ‘ಸಿಸ್ಟಂ ಇನ್ಫರ್ಮೇಷನ್’ ಹುಡುಕಿ ತೆರೆಯಿರಿ. ಮಾಡೆಲ್, ಪ್ರೊಸೆಸರ್, ರ‍್ಯಾಮ್, ಬಯೋಸ್ ಮೋಡ್ ಈ ನಾಲ್ಕನ್ನು ಬರೆದಿಟ್ಟುಕೊಳ್ಳಿ. ಬಯೋಸ್ ಅಂದರೆ ಯಂತ್ರ ಆನ್ ಆದಾಗ ಓಎಸ್‌ಗಿಂತ ಮೊದಲು ಏಳುವ ತಂತ್ರಾಂಶ, ಅದರ ಮೋಡ್ ಹೊಸ ಬಗೆಯ ಯುಇಎಫ್‌ಐ ಅಥವಾ ಹಳೆ ಬಗೆಯ ಲೆಗಸಿ ಆಗಿರುತ್ತದೆ. ಇಂಟೆಲ್ ಕೋರ್ ಪ್ರೊಸೆಸರ್ ಎಷ್ಟನೇ ತಲೆಮಾರಿನದು ಎಂಬುದು ಅದರ ಹೆಸರಿನಲ್ಲೇ ಇರುತ್ತದೆ: ಐ5–5200ಯು ಅಂದರೆ 5ನೆಯದು, ಐ5–8250ಯು ಅಂದರೆ 8ನೆಯದು, ಐ5–10210ಯು ಅಂದರೆ 10ನೆಯದು. ಎಎಂಡಿ ರೈಜನ್‌ನಲ್ಲಿ ಅಂಕಿ ನೋಡಿ ತೀರ್ಮಾನಿಸಬೇಡಿ. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ತಂತ್ರಾಂಶ ಓಡಿಸಿದರೆ ವಿಂಡೋಸ್ 11 ಆಗುತ್ತದೋ ಇಲ್ಲವೋ ಅದೇ ಹೇಳುತ್ತದೆ.

ಸೆಟ್ಟಿಂಗ್ಸ್‌ನ ‘ಅಬೌಟ್’ ಪುಟದಲ್ಲಿ ‘32 ಬಿಟ್ ಆಪರೇಟಿಂಗ್ ಸಿಸ್ಟಂ, ಎಕ್ಸ್64 ಪ್ರೊಸೆಸರ್’ ಎಂದಿದ್ದರೆ ಗಾಬರಿ ಬೇಡ. ಪ್ರೊಸೆಸರ್ 64 ಬಿಟ್‌ನದೇ, ಅದರ ಮೇಲೆ ಯಾರೋ 32 ಬಿಟ್ ವಿಂಡೋಸ್ ಹಾಕಿದ್ದಾರೆ ಅಷ್ಟೆ. ಇಂಥ ಯಂತ್ರಗಳನ್ನು ಸುಮ್ಮನೆ ಗುಜರಿಗೆ ಹಾಕುವುದುಂಟು. ನಿಜಕ್ಕೂ 32 ಬಿಟ್ ಪ್ರೊಸೆಸರೇ ಆಗಿದ್ದರೆ ಮಾತ್ರ ದುಡ್ಡು ಸುರಿಯಬೇಡಿ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಎಂಬ ಲಿನಕ್ಸ್ ಓಎಸ್ ಕೂಡ 32 ಬಿಟ್ ಇನ್‌ಸ್ಟಾಲರ್ ಕೈಬಿಟ್ಟಿದೆ.

ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಇನ್ನೆರಡು ವಿಷಯ ಸಿಗುತ್ತವೆ. ಡಿಸ್ಕ್ ಎಸ್‌ಎಸ್‌ಡಿಯೋ (ಚಿಪ್‌ನಲ್ಲಿ ಮಾಹಿತಿ ಇಡುವ ವೇಗದ ಡಿಸ್ಕ್) ಹಾರ್ಡ್‌ಡಿಸ್ಕೋ (ತಿರುಗುವ ತಟ್ಟೆಯದು), ರ‍್ಯಾಮ್‌ನ ಎರಡು ಸ್ಲಾಟ್‌ಗಳಲ್ಲಿ ಒಂದು ಖಾಲಿ ಇದೆಯೋ ಇಲ್ಲವೋ.

ಹಂತ 2: ಮೊದಲ ಖರ್ಚು ಎಸ್‌ಎಸ್‌ಡಿಗೆ

ಹಾರ್ಡ್‌ಡಿಸ್ಕ್ ಇರುವ ಲ್ಯಾಪ್‌ಟಾಪ್‌ನಲ್ಲಿ ಯಾವ ಓಎಸ್ ಹಾಕಿದರೂ ತೃಪ್ತಿಯಾಗುವುದಿಲ್ಲ. ಆನ್ ಮಾಡಿ ಹತ್ತು ನಿಮಿಷವಾದರೂ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100% ತೋರಿಸುತ್ತಿದ್ದರೆ ತಪ್ಪು ಓಎಸ್‌ನದಲ್ಲ, ತಿರುಗುವ ತಟ್ಟೆಯದು. 2.5 ಇಂಚಿನ, 7 ಮಿ.ಮೀ. ದಪ್ಪದ, 240 ಅಥವಾ 256 ಜಿಬಿ ಸಾಟಾ ಎಸ್‌ಎಸ್‌ಡಿ ಎಂಟು–ಹತ್ತು ವರ್ಷ ಹಳೆಯ ಬಹುತೇಕ ಮಾಡೆಲ್‌ಗಳಿಗೆ ಹೊಂದುತ್ತದೆ.

ರ‍್ಯಾಮ್ ಕೊಳ್ಳುವಾಗ ಒಂದು ಎಚ್ಚರಿಕೆ. ನಾಲ್ಕು–ಐದನೇ ತಲೆಮಾರಿನ ಲ್ಯಾಪ್‌ಟಾಪ್‌ಗಳು ಸಾಮಾನ್ಯವಾಗಿ ಕೇಳುವುದು 1.35 ವೋಲ್ಟ್‌ನ ಡಿಡಿಆರ್3ಎಲ್. ಅಂಗಡಿಯಲ್ಲಿ ‘ಡಿಡಿಆರ್3’ ಅಂದರೆ 1.5 ವೋಲ್ಟ್‌ನದನ್ನು ಕೊಟ್ಟುಬಿಡಬಹುದು. ಅದು ಸ್ಲಾಟ್‌ನಲ್ಲಿ ಸರಿಯಾಗಿಯೇ ಕೂರುತ್ತದೆ, ಆದರೆ ಪರದೆ ಕಪ್ಪಾಗಿಯೇ ಉಳಿಯಬಹುದು. ಹಳೆ ರ‍್ಯಾಮ್ ಪಟ್ಟಿಯನ್ನು ಬಿಚ್ಚಿ ಜೊತೆಗೇ ಒಯ್ದು ತೋರಿಸುವುದು ಉತ್ತಮ. ಒಟ್ಟು 8 ಜಿಬಿ ಮಾಡಿಸಿದರೆ ಸಾಕು.

ಹಂತ 3: ವಿಂಡೋಸ್ ಆದರೆ ಯಾವುದು?

ಇಂಟೆಲ್ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದು, ಯುಇಎಫ್‌ಐ, ಸೆಕ್ಯೂರ್ ಬೂಟ್ (ಸಹಿ ಇರುವ ತಂತ್ರಾಂಶವನ್ನಷ್ಟೇ ಏಳಲು ಬಿಡುವ ವ್ಯವಸ್ಥೆ), ಟಿಪಿಎಂ 2.0 (ಕೀಗಳನ್ನು ಕಾಪಾಡುವ ಭದ್ರತಾ ಭಾಗ) ಇದ್ದರೆ ವಿಂಡೋಸ್ 11 ಹಾಕಿ, ಬೇರೆ ಯೋಚನೆ ಬೇಡ. ಟಿಪಿಎಂ ಇಲ್ಲ ಎಂದು ತೋರಿಸಿದರೆ ಬಯೋಸ್ ಒಳಹೊಕ್ಕು ನೋಡಿ. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಲ್ಲಿ ಅದು ಆಫ್ ಆಗಿರಬಹುದು. ಬಯೋಸ್ ಮುಟ್ಟುವ ಮುಂಚೆ ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ರಿಕವರಿ ಕೀ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಮುಂದಿನ ಬಾರಿ ಆನ್ ಮಾಡಿದಾಗ 48 ಅಂಕಿಯ ಕೀ ಕೇಳಿ ನಿಂತುಬಿಡಬಹುದು.

7ನೇ ತಲೆಮಾರು ಮತ್ತು ಅದಕ್ಕಿಂತ ಹಳೆಯದಕ್ಕೆ ಇನ್‌ಸ್ಟಾಲ್ ಪೆನ್‌ಡ್ರೈವ್ ತಯಾರಿಸುವ ರೂಫಸ್ ತಂತ್ರಾಂಶದಿಂದ ತಪಾಸಣೆ ತಪ್ಪಿಸಿ ವಿಂಡೋಸ್ 11 ಹಾಕಬಹುದು. ಹಾಕಿದ ದಿನ ಚೆನ್ನಾಗಿಯೇ ಓಡುತ್ತದೆ. ಆದರೆ ಇಂಥ ಯಂತ್ರಗಳಿಗೆ ಅಪ್‌ಡೇಟ್ ಬಂದೇ ಬರುತ್ತದೆಂದು ಮೈಕ್ರೋಸಾಫ್ಟ್ ಖಾತರಿ ಕೊಡುವುದಿಲ್ಲ, ವರ್ಷದ ದೊಡ್ಡ ಆವೃತ್ತಿಯನ್ನು ಪ್ರತಿಸಲ ಕೈಯಾರೆ ಹಾಕಬೇಕಾಗುತ್ತದೆ. ಕೋರ್ 2 ಡ್ಯುಯೊ ಕಾಲದ ಯಂತ್ರಗಳಲ್ಲಂತೂ 24ಎಚ್2 ಆವೃತ್ತಿ ಬೂಟ್ ಕೂಡ ಆಗುವುದಿಲ್ಲ, ಅದಕ್ಕೆ ಬೇಕಾದ ಎಸ್‌ಎಸ್‌ಇ 4.2 ಮತ್ತು ಪಾಪ್‌ಕೌಂಟ್ ಸೂಚನೆಗಳು ಆ ಪ್ರೊಸೆಸರ್‌ನಲ್ಲಿಲ್ಲ. ಮನೆಯ ಹಿರಿಯರು ಬಳಸುವ ಲ್ಯಾಪ್‌ಟಾಪ್‌ಗೆ ಈ ದಾರಿ ಬೇಡ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 22ಎಚ್2 ಆವೃತ್ತಿ ಇದ್ದರೆ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ‘ಎನ್‌ರೋಲ್’ ಒತ್ತಿ, 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಪಡೆಯುವ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ ಮಾಡಿದೆ. ಮೈಕ್ರೋಸಾಫ್ಟ್ ಖಾತೆ ಬೇಕೇಬೇಕು. ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ಹಣ ಕಟ್ಟಬೇಕಿಲ್ಲ. ಬೇರೆ ಏರ್ಪಾಡು ಮಾಡಿಕೊಳ್ಳಲು ಇದು ಸಿಕ್ಕ ಸಮಯವೇ ಹೊರತು ಶಾಶ್ವತ ಪರಿಹಾರವಲ್ಲ.

ಹಂತ 4: ಲಿನಕ್ಸ್‌ಗೆ ಹೋಗುವ ಮುನ್ನ ಕೆಲಸ ನೋಡಿ

ಲಿನಕ್ಸ್ ಅಂದರೆ ವಿಂಡೋಸ್ ಬದಲು ಹಾಕಬಹುದಾದ ಉಚಿತ ಓಎಸ್, ಅದರಲ್ಲಿ ಮಿಂಟ್ ಒಂದು ಬಗೆ. ಟ್ಯಾಲಿ ಬಳಸುವವರು, ಟೆಂಡರ್‌ಗೆ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಚುಚ್ಚುವವರು ವಿಂಡೋಸ್ ಬಿಡಬೇಡಿ. ಟ್ಯಾಲಿ ವಿಂಡೋಸ್‌ಗಾಗಿಯೇ ಇರುವುದು, ಟೋಕನ್‌ಗಳ ಚಾಲಕ ತಂತ್ರಾಂಶ (ಡ್ರೈವರ್) ಲಿನಕ್ಸ್‌ನಲ್ಲಿ ಸತಾಯಿಸುತ್ತದೆ. ಬ್ರೌಸರ್, ಯೂಟ್ಯೂಬ್, ಮಕ್ಕಳ ಆನ್‌ಲೈನ್ ಪಾಠ, ಪತ್ರ ಬರೆಯುವುದು ಇಷ್ಟೇ ಕೆಲಸವಾದರೆ 7ನೇ ತಲೆಮಾರು ಮತ್ತು ಅದಕ್ಕಿಂತ ಹಳೆಯ ಯಂತ್ರಕ್ಕೆ ಲಿನಕ್ಸ್ ಮಿಂಟ್ 22ರ ಸರಣಿಗಿಂತ ಒಳ್ಳೆಯ ಆಯ್ಕೆ ಕಾಣುವುದಿಲ್ಲ. ಅದಕ್ಕೆ 2029ರ ಏಪ್ರಿಲ್‌ವರೆಗೆ ಅಪ್‌ಡೇಟ್ ಇದೆ. 8 ಜಿಬಿ ಇದ್ದರೆ ಸಿನಮನ್ ಡೆಸ್ಕ್‌ಟಾಪ್ (ಪರದೆಯ ವಿನ್ಯಾಸ) ಇರುವ ಮಿಂಟ್, 4 ಜಿಬಿ ಇದ್ದರೆ ಅದಕ್ಕಿಂತ ಹಗುರವಾದ ಎಕ್ಸ್‌ಎಫ್‌ಸಿಇ. 2 ಜಿಬಿಯಲ್ಲಿ ಮಿಂಟ್ ಏಳುತ್ತದೆ ನಿಜ, ಆದರೆ ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಉಸಿರುಗಟ್ಟುತ್ತದೆ. ಬರೀ ಬ್ರೌಸರ್ ಸಾಕು ಎನ್ನುವವರಿಗೆ ಕ್ರೋಮ್ ಓಎಸ್ ಫ್ಲೆಕ್ಸ್ ಇದೆ. ಕನಿಷ್ಠ 4 ಜಿಬಿ ರ‍್ಯಾಮ್ ಬೇಕು, ಆಂಡ್ರಾಯ್ಡ್ ಆ್ಯಪ್‌ಗಳು ಅದರಲ್ಲಿ ನಡೆಯುವುದಿಲ್ಲ.

ಕನ್ನಡದ ಚಿಂತೆ ಬೇಡ. ಮಿಂಟ್‌ನಲ್ಲಿ ಐಬಸ್ ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶ ಹಾಕಿಕೊಂಡು ಕನ್ನಡದ ಕೆಳಗೆ ‘ಕೆಜಿಪಿ’ ಸೇರಿಸಿದರೆ ನುಡಿಯದೇ ಕೀಲಿ ವಿನ್ಯಾಸ ಸಿಗುತ್ತದೆ. ಯೂನಿಕೋಡ್ ಅಲ್ಲದ ಹಳೆ ನುಡಿ ಕಡತಗಳು ಮಾತ್ರ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತವೆ. ವಿಂಡೋಸ್‌ನಿಂದ ನುಡಿಯ ಫಾಂಟ್ ಕಡತಗಳನ್ನು ತಂದು ಲಿನಕ್ಸ್‌ನಲ್ಲಿ ಹಾಕಿದರೆ ಲಿಬ್ರೆಆಫೀಸ್‌ನಲ್ಲಿ ಓದಲು ಬರುತ್ತವೆ.

ಹಂತ 5: ಅಳಿಸುವ ಮೊದಲು ಓಡಿಸಿ ನೋಡಿ

ಕನಿಷ್ಠ 8 ಜಿಬಿ ಪೆನ್‌ಡ್ರೈವ್ ತೆಗೆದುಕೊಂಡು ರೂಫಸ್‌ನಿಂದ ಮಿಂಟ್‌ನ ಐಎಸ್‌ಒ (ಜಾಲತಾಣದಿಂದ ಇಳಿಸಿಕೊಂಡ ಇನ್‌ಸ್ಟಾಲ್ ಕಡತ) ಬರೆಯಿರಿ. ರೂಫಸ್‌ನ ‘ಪಾರ್ಟಿಷನ್ ಸ್ಕೀಮ್’ನಲ್ಲಿ, ಬಯೋಸ್ ಮೋಡ್ ಯುಇಎಫ್‌ಐ ಆಗಿದ್ದರೆ ಜಿಪಿಟಿ, ಲೆಗಸಿ ಆಗಿದ್ದರೆ ಎಂಬಿಆರ್ ಆರಿಸಿ. ಪೆನ್‌ಡ್ರೈವ್‌ನಲ್ಲಿ ಮೊದಲಿದ್ದದ್ದು ಅಳಿಸಿಹೋಗುತ್ತದೆ. ಆನ್ ಮಾಡಿದ ತಕ್ಷಣ ಡೆಲ್, ಲೆನೊವೊ ಆದರೆ ಎಫ್12, ಎಚ್‌ಪಿ ಆದರೆ ಎಫ್9, ಏಸಸ್ ಆದರೆ ಎಸ್ಕೇಪ್ ಒತ್ತುತ್ತಿರಿ, ಬರುವ ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಆರಿಸಿ. ಏಸರ್‌ನಲ್ಲಿ ಎಫ್12 ಕೆಲಸ ಮಾಡದಿದ್ದರೆ ಎಫ್2 ಒತ್ತಿ ಬಯೋಸ್‌ಗೆ ಹೋಗಿ ‘ಎಫ್12 ಬೂಟ್ ಮೆನು’ ಎಂಬುದನ್ನು ಮೊದಲು ಆನ್ ಮಾಡಬೇಕು.

ಪೆನ್‌ಡ್ರೈವ್‌ನಿಂದಲೇ ಮಿಂಟ್ ಏಳುತ್ತದೆ, ಡಿಸ್ಕ್ ಮುಟ್ಟುವುದಿಲ್ಲ. ವೈಫೈ, ಧ್ವನಿ, ಕ್ಯಾಮೆರಾ, ಪರದೆಯ ಬೆಳಕು, ಪ್ರಿಂಟರ್ ಎಲ್ಲವನ್ನೂ ಪರೀಕ್ಷಿಸಿ. ಮುಚ್ಚಳ ಮುಚ್ಚಿ ಎರಡು ನಿಮಿಷ ಬಿಟ್ಟು ತೆರೆಯಿರಿ, ಹಳೆ ಲ್ಯಾಪ್‌ಟಾಪ್‌ಗಳಲ್ಲಿ ನಿದ್ದೆಯಿಂದ ಏಳದಿರುವ ತೊಂದರೆ ಇಲ್ಲೇ ಗೊತ್ತಾಗುತ್ತದೆ.

ಹೆಚ್ಚು ಕಾಡುವುದು ಬ್ರಾಡ್‌ಕಾಮ್ ವೈಫೈ. ಚಾಲಕ ತಂತ್ರಾಂಶ ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್‌ಗೆ ಆ ಚಾಲಕವೇ ಬೇಕು. ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಈ ಗಂಟು ಬಿಡುತ್ತದೆ. ಇನ್‌ಸ್ಟಾಲ್ ಆದ ಮೇಲೆ ಡ್ರೈವರ್ ಮ್ಯಾನೇಜರ್‌ನಿಂದ ಚಾಲಕ ಹಾಕಿ. ಸೆಕ್ಯೂರ್ ಬೂಟ್ ಆನ್ ಇದ್ದರೆ ಹೊಸದಾಗಿ ಒಂದು ಪಾಸ್‌ವರ್ಡ್ ಇಡಲು ಕೇಳುತ್ತದೆ, ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ. ಅಲ್ಲಿ ಮೊದಲ ಸಾಲಿನಲ್ಲಿರುವುದು ‘ಕಂಟಿನ್ಯೂ ಬೂಟ್’. ಅವಸರದಲ್ಲಿ ಅದನ್ನೇ ಒತ್ತಿದರೆ ಚಾಲಕ ಇದ್ದೂ ವೈಫೈ ಬರುವುದಿಲ್ಲ. ಕೆಳಗಿನ ‘ಎನ್‌ರೋಲ್ ಎಂಒಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು.

ವರ್ಷಗಟ್ಟಲೆ ಮೂಲೆಯಲ್ಲಿದ್ದ ಯಂತ್ರವಾದರೆ ದಿನಾಂಕ ನೋಡಿ. ಮದರ್‌ಬೋರ್ಡ್‌ನ ಗುಂಡಿ ಬ್ಯಾಟರಿ ಸತ್ತಿದ್ದರೆ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಆಗ ಯಾವ ಜಾಲತಾಣವೂ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬರುತ್ತದೆ, ಅಪ್‌ಡೇಟ್ ಇಳಿಯುವುದಿಲ್ಲ, ಬೈಗುಳ ಹೊಸ ಓಎಸ್‌ಗೆ ಬೀಳುತ್ತದೆ.

ವಿಂಡೋಸ್ ಜೊತೆಗೇ ಮಿಂಟ್ ಇಟ್ಟುಕೊಳ್ಳುವವರು ಪವರ್ ಆಪ್ಷನ್ಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಆಫ್ ಮಾಡಿ. ಇಲ್ಲದಿದ್ದರೆ ಲಿನಕ್ಸ್‌ನಿಂದ ವಿಂಡೋಸ್‌ನ ಡ್ರೈವ್‌ಗೆ ಏನನ್ನೂ ಬರೆಯಲಾಗುವುದಿಲ್ಲ. ಹೊಸ ಎಸ್‌ಎಸ್‌ಡಿ ಹಾಕಿದವರು ತೆಗೆದ ಹಾರ್ಡ್‌ಡಿಸ್ಕನ್ನು ಫಾರ್ಮ್ಯಾಟ್ ಮಾಡದೆ, ಯುಎಸ್‌ಬಿ ಕೇಸ್‌ನಲ್ಲಿ ಹಾಕಿ ಎರಡು–ಮೂರು ತಿಂಗಳು ಹಾಗೇ ಇಟ್ಟುಕೊಳ್ಳಿ. ಬ್ಯಾಕಪ್‌ನಲ್ಲಿ ಬಿಟ್ಟುಹೋದ ಫೋಟೊ, ಅಂಕಪಟ್ಟಿ, ಲೆಕ್ಕದ ಕಡತ ನೆನಪಾಗುವುದು ಆಮೇಲೆಯೇ.